ಒತ್ತಿ, ಹಿಡ್ಕೊಳ್ಳಿ, ಬಿಡಿ

ಹಳೇ ಕಾರು ಇಟ್ಟುಕೊಂಡವರ ಮನೆಗೆ ಬರುವ ನೆಂಟರಿಷ್ಟರ ಪ್ರಶ್ನೆಗಳು ಎಲ್ಲ ಊರಿನಲ್ಲೂ ಒಂದೇ. ಯಾವ ಇಸವಿಯದು? ಲೀಟರಿಗೆ ಎಷ್ಟು ಕೊಡುತ್ತೆ? ಸ್ಪೇರ್ ಸಿಗುತ್ತಾ? ಕೊಡೋದಾದ್ರೆ ಎಷ್ಟಕ್ಕೆ ಕೊಡ್ತೀರಿ? ಸ್ವಲ್ಪ ವಿಷಯ ಗೊತ್ತಿದ್ದವರಾದರೆ ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಮಾಡಿಸಿ, ಕಿವಿಗೊಟ್ಟು ಕೇಳಿ, "ಗಾಡಿ ಅಂದ್ರೆ ಇದು" ಎಂದು ಸರ್ಟಿಫಿಕೇಟು ಕೊಟ್ಟು, ಕಾಫಿ ಕುಡಿದು ಹೋಗುತ್ತಾರೆ. ಗಾಡಿ ಓಡುವ ಬಗ್ಗೆ ಇಷ್ಟೆಲ್ಲ ಕುತೂಹಲ ಇರುವ ಜನ ಅದು ನಿಲ್ಲುವ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಬ್ರೇಕನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅದು ಸುದ್ದಿಯಾಗುವುದು ಫೇಲ್ ಆದ ದಿನ ಮಾತ್ರ, ಅದೂ ಪತ್ರಿಕೆಯ ಜಿಲ್ಲಾ ಪುಟದಲ್ಲಿ.

ನನ್ನದು ಪ್ರೀಮಿಯರ್ ಪದ್ಮಿನಿ. ತೀರ್ಥಹಳ್ಳಿಯ ಆಚೆ ಒಂದು ಅಡಿಕೆ ತೋಟದ ಮನೆಯ ಕೊಟ್ಟಿಗೆಯಲ್ಲಿ, ಹುಲ್ಲಿನ ಹೊರೆಗಳ ಪಕ್ಕ, ಕೋಳಿಗಳಿಗೆ ಆಶ್ರಯ ಕೊಟ್ಟುಕೊಂಡು ವರ್ಷಗಟ್ಟಲೆ ನಿಂತಿದ್ದ ಗಾಡಿ. ಮಾರಿದವರು "ಓಡೋ ಕಂಡೀಷನ್ನಲ್ಲೇ ನಿಲ್ಸಿದ್ದು" ಎಂದಿದ್ದರು. ಸುಳ್ಳೇನಲ್ಲ. ಎಂಜಿನ್ ನಮ್ಮನ್ನು ಹೆಚ್ಚು ಗೋಳು ಹುಯ್ದುಕೊಳ್ಳಲಿಲ್ಲ. 1089 ಸಿಸಿಯ ಆ ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಹೊಸ ಪ್ಲಗ್ ಹಾಕಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಬ್ಯಾಟರಿ ಕೂರಿಸಿದ ಮೇಲೆ ಒಂದೆರಡು ಸಲ ಕೆಮ್ಮಿ, ಅಂಗಳದ ತುಂಬ ಹೊಗೆ ಬಿಟ್ಟು, ಶುರುವಾಗಿಯೇ ಬಿಟ್ಟಿತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಇನ್ನೇನು, ರಾಮೇಶ್ವರ ದೇವಸ್ಥಾನದವರೆಗೆ ಒಂದು ಸುತ್ತು ಹೋಗಿ ಬರೋಣ ಎಂದಳು ಹೆಂಡತಿ. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ಪೆಡಲು ಯಾವ ತಕರಾರೂ ಇಲ್ಲದೆ ಸೀದಾ ನೆಲ ಮುಟ್ಟಿತು. ದೇವರ ದರ್ಶನ ಮುಂದಕ್ಕೆ ಹೋಯಿತು.

ಈ ಗಾಡಿಯ ಮೂಲ ಇಟಲಿಯ ಫಿಯೆಟ್ 1100. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ಆದರೂ ನಮ್ಮ ಕಡೆ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಫಿಯೆಟ್ಟೇ. ತಯಾರಾಗುತ್ತಿದ್ದದ್ದು ಮುಂಬೈಯ ಕುರ್ಲಾದಲ್ಲಿ. ಪ್ರೀಮಿಯರ್ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲ್‌ಚಂದ್ ಹೀರಾಚಂದರಿಗೆ ನಮ್ಮ ನಾಡಿನ ನಂಟೂ ಉಂಟು. 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲ ಪಡೆದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುಮಾಡಿದವರು ಅವರೇ. ಅದಕ್ಕೂ ಮೊದಲು, 1930ರ ದಶಕದಲ್ಲಿ, ಮೋಟಾರು ನಮ್ಮ ದೇಶದಲ್ಲೇ ತಯಾರಾಗಬೇಕು ಎಂದು ಯೋಜನೆಯ ಕಡತ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ವಿಮಾನಕ್ಕೂ ಕಾರಿಗೂ ಇರುವ ಈ ನೆಂಟಸ್ತಿಕೆ ಬ್ರೇಕಿನ ಚರಿತ್ರೆಯಲ್ಲೂ ಇದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬ್ರೇಕಿಗೆ 1917ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಮೊದಲು ತನ್ನ ಸೋದರನ ಜೊತೆ ವಿಮಾನ ಕಟ್ಟುತ್ತಿದ್ದವನು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ಈ ಬ್ರೇಕ್ ಹಾಕಿಕೊಂಡು ಮಾರುಕಟ್ಟೆಗೆ ಬಂತು. ಅಲ್ಲಿಯವರೆಗೆ ಸರಳು, ತಂತಿಗಳನ್ನು ಎಳೆದು ಬ್ರೇಕ್ ಹಿಡಿಸುತ್ತಿದ್ದರು. ಒಂದು ಚಕ್ರದ ತಂತಿ ಬಿಗಿ, ಇನ್ನೊಂದರದು ಸಡಿಲ. ಗಾಡಿ ನಿಲ್ಲುವಾಗ ಯಾವ ಕಡೆ ಮುಖ ಮಾಡುತ್ತದೆ ಎಂಬುದು ಆಯಾ ದಿನದ ಯೋಗ.

ನಮ್ಮ ಪಕ್ಕದ ಮನೆಯಲ್ಲಿ ಇರುವವರು ನಿವೃತ್ತ ವಿಜ್ಞಾನದ ಮೇಷ್ಟ್ರು. ಹೈಸ್ಕೂಲಿನಲ್ಲಿ ಪ್ಯಾಸ್ಕಲ್ ನಿಯಮವನ್ನು ಎಷ್ಟೋ ತಲೆಮಾರಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು 17ನೆಯ ಶತಮಾನದ ಆ ಫ್ರೆಂಚ್ ಪಂಡಿತ ಹೇಳಿದ್ದನ್ನು ಅವರು ಈಗಲೂ ನಿದ್ದೆಗಣ್ಣಲ್ಲಿ ಹೇಳಬಲ್ಲರು. ಕಾರು ಓಡಿಸಲು ಮಾತ್ರ ಬರುವುದಿಲ್ಲ. ನನ್ನ ಪೆಡಲು ನೆಲ ಕಂಡ ಸುದ್ದಿ ಬೇಲಿ ದಾಟಿ ಅವರಿಗೆ ಮುಟ್ಟಿದ ಮರುಗಳಿಗೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಬಂದರು.

"ಎಂತ ಮಾರಾಯ್ರೆ, ಎಣ್ಣೆಗೆ ಒತ್ತಡ ಹೋಗ್ತಿಲ್ವಂತೆ?"

ಬಂದವರು ಸುಮ್ಮನೆ ಕೂರದೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಕಾಲಿನಿಂದ 20 ಕಿಲೋ ಭಾರ ಹಾಕಿದೆವು ಎಂದಿಟ್ಟುಕೊಳ್ಳಿ. ಪೆಡಲು ಒಂದು ಸನ್ನೆಗೋಲು. ಅದು ಐದು ಪಟ್ಟು ಹೆಚ್ಚಿಸಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 100 ಕಿಲೋ. ಪಿಸ್ಟನ್ನಿನ ಅಡ್ಡಳತೆ 19 ಮಿಲಿಮೀಟರ್ ಇದ್ದರೆ ಅದರ ಮುಖದ ವಿಸ್ತೀರ್ಣ ಮೂರು ಚದರ ಸೆಂಟಿಮೀಟರಿಗೂ ಒಂದು ಎಳೆ ಕಡಿಮೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ ಒತ್ತಡ. ಅದೇ ಒತ್ತಡ ಸಣ್ಣ ಪೈಪುಗಳಲ್ಲಿ ಹರಿದು ನಾಲ್ಕೂ ಚಕ್ರದ ವೀಲ್ ಸಿಲಿಂಡರಿಗೆ ಮುಟ್ಟಿ, ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಟನ್ನಿನ ಆಸುಪಾಸು ತೂಗುವ ಗಾಡಿ ಚಪ್ಪಲಿ ಕಾಲಿನ ಮಾತು ಕೇಳುವುದು ಹೀಗೆ.

"ಈಗ ಇದರೊಳಗೆ ಒಂದೇ ಒಂದು ಸಿಸಿ ಗಾಳಿ ಸೇರಿಕೊಂಡಿದೆ ಅಂತ ಇಟ್ಕೊಳ್ಳಿ" ಎಂದು ಮೇಷ್ಟ್ರು ಪೆನ್ಸಿಲ್ ಚೂಪು ಮಾಡಿಕೊಂಡರು. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆ ಒಂದು ಸಿಸಿಯನ್ನು ಹಿಂಡಿ ಇಲ್ಲವೆನ್ನಿಸುವುದಕ್ಕೇ ಪಿಸ್ಟನ್ ಮೂರೂವರೆ ಮಿಲಿಮೀಟರ್ ಮುಂದೆ ಹೋಗಬೇಕು. ಸನ್ನೆಗೋಲಿನ ಲೆಕ್ಕದಲ್ಲಿ ಪೆಡಲಿನ ಹತ್ತಿರ ಅದು ಐದು ಪಟ್ಟು, ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್. ಅಷ್ಟೂ ದೂರ ಕಾಲು ಇಳಿದದ್ದು ವ್ಯರ್ಥ. ಚಕ್ರಕ್ಕೆ ಸುದ್ದಿಯೇ ಹೋಗಿರುವುದಿಲ್ಲ. ಒಂದು ಚಿಟಿಕೆ ಗಾಳಿಗೆ ಇಷ್ಟು ಪ್ರತಾಪ ಇದ್ದರೆ, ಬರಿದಾಗಿ ನಿಂತ ಪೈಪುಗಳ ತುಂಬ ಗಾಳಿಯೇ ಇದ್ದ ನನ್ನ ಗಾಡಿಯ ಪೆಡಲು ನೆಲ ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಮೇಷ್ಟ್ರದ್ದು ಶಾಸ್ತ್ರವಾಯಿತು. ಪ್ರಯೋಗಕ್ಕೆ ನಮ್ಮ ಪೇಟೆಯಲ್ಲಿ ಒಬ್ಬರು ಹಳೇ ಮೇಸ್ತ್ರಿ ಇದ್ದಾರೆ. ಅಂಬಾಸಿಡರ್, ಫಿಯೆಟ್, ಜೀಪು ಮೂರನ್ನೂ ಕಣ್ಣುಮುಚ್ಚಿ ಬಿಚ್ಚಿ ಜೋಡಿಸಿದವರು. ಈಗ ಗ್ಯಾರೇಜನ್ನು ಮಗನಿಗೆ ಬಿಟ್ಟು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುತ್ತಾರೆ. ಅವರು ಬ್ರೇಕಿನ ರೋಗವನ್ನು ಪಾದದಲ್ಲೇ ಹಿಡಿಯುತ್ತಾರೆ. ಪೆಡಲು ಸ್ಪಂಜಿನ ಹಾಗೆ ಮೆತ್ತಗಿದ್ದರೆ ಏರ್ ಹಿಡಿದಿದೆ. ಒತ್ತಿ ಹಿಡಿದ ಪೆಡಲು ನಿಧಾನಕ್ಕೆ ಇಳಿಯುತ್ತಾ ಹೋದರೆ ಎಲ್ಲೋ ಲೀಕು. ಎಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರಿನ ಒಳಗಿನ ರಬ್ಬರ್ ಕಪ್ ಸವೆದು ಎಣ್ಣೆ ಹಿಂದಕ್ಕೆ ನುಸುಳುತ್ತಿದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಶೂ ಡ್ರಮ್ಮಿನಿಂದ ದೂರ ಇದೆ, ಸೆಟ್ಟಿಂಗ್ ಆಗಬೇಕು. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆದರೆ ಇನ್ನೊಂದು ಕಡೆಯ ಸಿಲಿಂಡರ್ ಜಾಮ್, ಇಲ್ಲವೇ ಲೈನಿಂಗಿಗೆ ಎಣ್ಣೆ ಬಿದ್ದಿದೆ. ಇಷ್ಟನ್ನು ಸ್ಟೂಲಿನಿಂದ ಏಳದೆ ಹೇಳಿದ ಮೇಸ್ತ್ರಿ, "ನಿಮ್ದಕ್ಕೆ ಎಲ್ಲಾ ಇರ್ತದೆ ಸಾರ್, ನಾಲ್ಕೂ ಬಿಚ್ಚಿ" ಎಂದರು.

ನಾಲ್ಕೂ ಬಿಚ್ಚಿದೆ. ಜಾಕಿಯೊಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ಗಾಡಿ ಕೂರಿಸಿ, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬಿಡಿಸಬೇಕು. ಒಳಗಿನ ಧೂಳನ್ನು ಬಾಯಿಂದ ಊದಬಾರದು, ಕಂಪ್ರೆಸರ್ ಗಾಳಿಯನ್ನೂ ಹಿಡಿಯಬಾರದು. ಹಳೇ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಶೂಗಳ ನಡುವೆ ಮೇಲ್ಗಡೆ ಕೂತಿರುವ ಹೆಬ್ಬೆರಳಷ್ಟು ದಪ್ಪದ ಪುಟ್ಟ ಉರುಳೆಯೇ ವೀಲ್ ಸಿಲಿಂಡರ್. ಹಿಂದಿನ ಎಡಚಕ್ರದ್ದನ್ನು ಬಿಚ್ಚಿದಾಗ ಒಳಗೆ ಎಣ್ಣೆ ಎನ್ನುವಂಥದ್ದೇನೂ ಇರಲಿಲ್ಲ. ಹಳೇ ಜೋನಿಬೆಲ್ಲದಂತೆ ಕಂದಾಗಿ ಅಂಟಿಕೊಂಡ ಒಂದು ಪದಾರ್ಥ, ಅದರ ನಡುವೆ ತುಕ್ಕು ಹಿಡಿದು ಕಚ್ಚಿಕೊಂಡ ಪಿಸ್ಟನ್ನು. ರಬ್ಬರ್ ಕಪ್ಪಿನ ಅಂಚು ಉಗುರು ತಾಗಿಸಿದರೆ ಪುಡಿಯಾಗಿ ಉದುರುತ್ತಿತ್ತು.

ಇದು ಮಲೆನಾಡಿನ ಕೊಡುಗೆ. ನಮ್ಮಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ಜಿಡ್ಡಿನ ಎಣ್ಣೆಯೇ ಅಲ್ಲ. ಮಾಮೂಲಿ ಡಾಟ್ 3, ಡಾಟ್ 4 ಎಲ್ಲ ಗ್ಲೈಕಾಲ್ ಜಾತಿಯವು; ಗಾಳಿಯ ತೇವವನ್ನು ಹೀರಿಕೊಳ್ಳುವುದು ಅವುಗಳ ಹುಟ್ಟುಗುಣ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಪ್ಪಳದ ಡಬ್ಬಿಯನ್ನೂ ಬೆಚ್ಚಗಿಡಲಾಗದ ನಮ್ಮ ಊರಿನಲ್ಲಿ ಅವುಗಳಿಗೆ ತೇವಕ್ಕೆ ಬರವೇ? ಹೀರಿದ ನೀರು ಸಿಲಿಂಡರಿನ ತಳದಲ್ಲಿ ತುಕ್ಕಾಗುತ್ತದೆ, ತುಕ್ಕು ರಬ್ಬರನ್ನು ಕೆರೆಯುತ್ತದೆ, ಕೆರೆದ ಜಾಗದಿಂದ ಎಣ್ಣೆ ಸೋರುತ್ತದೆ, ಸೋರಿದ ಜಾಗಕ್ಕೆ ಗಾಳಿ ಬರುತ್ತದೆ. ಅಪರೂಪಕ್ಕೆ ಹೊರಗೆ ತೆಗೆಯುವ ಗಾಡಿಗಳ ಬ್ರೇಕ್ ಓಡುವುದರಿಂದ ಸವೆಯುವುದಕ್ಕಿಂತ ಹೆಚ್ಚಾಗಿ ನಿಂತಲ್ಲೇ ಕೆಡುತ್ತದೆ.

ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದ ಮೇಲೆ ಅಂಗಡಿಯವರು "ಫಿಯೆಟ್ಟಿಂದಾ?" ಎಂದು ಒಮ್ಮೆ ಕನ್ನಡಕದ ಮೇಲಿಂದ ನೋಡುತ್ತಾರೆ, ಆಮೇಲೆ ಒಳಗಿನ ಅಟ್ಟದಿಂದ ಧೂಳು ಒರೆಸಿ ತಂದು ಕೊಡುತ್ತಾರೆ. ಸಿಲಿಂಡರ್ ಕಿಟ್ಟುಗಳು, ಲೈನಿಂಗು, ಸೀಲ್ ಒಡೆಯದ ಬ್ರೇಕ್ ಆಯಿಲ್ ಡಬ್ಬಿ ತಂದೆ. ಹೊಸ ರಬ್ಬರುಗಳನ್ನು ಜೋಡಿಸುವಾಗ ಜಾರಲಿ ಎಂದು ಎಂಜಿನ್ ಆಯಿಲ್ ಸವರುವವರಿದ್ದಾರೆ. ಅದು ತಾಗಿದರೆ ಈ ರಬ್ಬರು ಉಬ್ಬಿ ಹಾಳಾಗುತ್ತದೆ. ಬ್ರೇಕ್ ಆಯಿಲನ್ನೇ ಸವರಬೇಕು. ಆದರೆ ಅದೇ ಬ್ರೇಕ್ ಆಯಿಲ್ ಬಾಡಿಯ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ, ತಕ್ಷಣ ನೀರು ಸುರಿದು ತೊಳೆಯಬೇಕು.

ಎಲ್ಲ ಜೋಡಿಸಿ, ಮಾಸ್ಟರಿಗೆ ಎಣ್ಣೆ ಕೊಡುವ ಡಬ್ಬಿ ತುಂಬಿಸಿದ ಮೇಲೆ ಬರುವುದು ನನಗೆ ಬಹಳ ಇಷ್ಟವಾದ ಭಾಗ: ಏರ್ ತೆಗೆಯುವುದು. ಇಂಗ್ಲಿಷ್ ಗೊತ್ತಿರುವ ಮೆಕ್ಯಾನಿಕ್ಕುಗಳು ಬ್ಲೀಡ್ ಮಾಡುವುದು ಎನ್ನುತ್ತಾರೆ. ಮಾಸ್ಟರ್ ಸಿಲಿಂಡರ್ ಬಲಗಡೆ ಡ್ರೈವರಿನ ಕಾಲ ಬಳಿ ಇರುವ ನಮ್ಮ ಗಾಡಿಗಳಲ್ಲಿ ಎಲ್ಲಕ್ಕಿಂತ ದೂರದ ಚಕ್ರ ಹಿಂದಿನ ಎಡಗಡೆಯದು. ಅಲ್ಲಿಂದ ಶುರುಮಾಡಿ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂದು ಹತ್ತಿರಕ್ಕೆ ಬರಬೇಕು. ಪ್ರತಿ ಚಕ್ರದ ಹಿಂಬದಿಯಲ್ಲಿ ಒಂದು ಸಣ್ಣ ನಿಪ್ಪಲ್. ಅದರ ತಲೆಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಬೇಕು. ನಿಪ್ಪಲ್ ತಿರುಗಿಸಲು ರಿಂಗ್ ಸ್ಪ್ಯಾನರೇ ಬೇಕು, ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಕೆಲಸ ಕೆಡುತ್ತದೆ. ಹೀಗೆ ಎಲ್ಲ ಸಿದ್ಧವಾದ ಮೇಲೂ ಒಂದು ಕೊರತೆ ಉಳಿಯುತ್ತದೆ. ನಾನು ಚಕ್ರದ ಹಿಂದೆ ಮಲಗಿದ್ದೇನೆ, ಪೆಡಲು ಗಾಡಿಯ ಒಳಗಿದೆ. ಒತ್ತುವವರು ಯಾರು?

ಗಾಳಿಯನ್ನು ಹೀರಿ ತೆಗೆಯುವ ಪಂಪುಗಳು, ಹಿಂದಕ್ಕೆ ಬಿಡದ ವಾಲ್ವಿನ ಟ್ಯೂಬುಗಳು ಈಗ ಬಂದಿವೆ, ಒಬ್ಬನೇ ಮಾಡಿ ಮುಗಿಸಬಹುದು. ಆದರೆ ಇನ್ನೊಬ್ಬರ ಕಾಲು ಸಿಗುವ ಊರಿನಲ್ಲಿ ಅದೆಲ್ಲ ಯಾಕೆ? ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಡ್ರೈವರ್ ಸೀಟಿನಲ್ಲಿ ವಿರಾಜಮಾನರಾದರು. ಕ್ರಮ ಸರಳ. "ಒತ್ತಿ" ಎಂದಾಗ ನಿಧಾನವಾಗಿ ಕೆಲವು ಸಲ ಒತ್ತಿ ಬಿಡಬೇಕು. "ಹಿಡ್ಕೊಳ್ಳಿ" ಎಂದಾಗ ಒತ್ತಿ ಹಿಡಿದಿರಬೇಕು. ನಾನು ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸುತ್ತೇನೆ, ಎಣ್ಣೆ ಚಿಮ್ಮುತ್ತದೆ, ಪೆಡಲು ಕುಸಿಯುತ್ತದೆ. ಕುಸಿದರೂ ಕಾಲು ತೆಗೆಯಬಾರದು. ನಾನು ನಿಪ್ಪಲ್ ಬಿಗಿದ ಮೇಲೆ "ಬಿಡಿ" ಎನ್ನುತ್ತೇನೆ, ಆಗ ಬಿಡಬೇಕು. ಅದಕ್ಕೂ ಮೊದಲು ಬಿಟ್ಟರೆ ಹೊರಹೋದ ಗಾಳಿ ಅದೇ ದಾರಿಯಲ್ಲಿ ವಾಪಸು.

ಮೊದಲ ಸುತ್ತಿನಲ್ಲಿ ನಿಪ್ಪಲ್ ಸಡಿಲಿಸಿದ್ದೇ ತಡ, ಪೆಡಲು ಕುಸಿದದ್ದಕ್ಕೆ ಮೇಷ್ಟ್ರು ಗಾಬರಿಬಿದ್ದರು. "ಹೋಯ್ತು, ಹೋಯ್ತು!" ಎಂದರು ಒಳಗಿನಿಂದ. ನಾನು ಕೆಳಗಿನಿಂದ "ಬಿಡಬೇಡಿ!" ಎಂದು ಕೂಗಿದೆ. ಸ್ಟೀಲಿನ ಬಾಡಿ, ರಬ್ಬರ್ ಮ್ಯಾಟು, ಸೀಟಿನ ಸ್ಪ್ರಿಂಗು ಎಲ್ಲ ದಾಟಿ ಅವರ ಕಿವಿಗೆ ತಲುಪಿದ್ದು ಮೊದಲರ್ಧ ಮಾತ್ರ. ಬಿಟ್ಟರು. ಬಾಟಲಿಯ ಎಣ್ಣೆ ಟ್ಯೂಬಿನಲ್ಲಿ ಸರ್ರನೆ ಹಿಂದಕ್ಕೆ ಏರಿತು. ಜಗಲಿಯಲ್ಲಿ ಅಡಿಕೆ ಸಿಪ್ಪೆ ಸುಲಿಯುತ್ತಿದ್ದ ಹೆಂಡತಿ ಎದ್ದುಬಂದು ತೀರ್ಪು ಕೊಟ್ಟಳು: "ರೀ, ಅವರು ಹೇಳಿದ್ದನ್ನ ಮಾಡ್ತಾರೆ. ನೀವು ಸರಿಯಾಗಿ ಹೇಳಿ." ಅಂದಿನಿಂದ "ಬಿಡಬೇಡಿ" ಎಂಬ ಮಾತಿಗೆ ನಿಷೇಧ. ಒತ್ತಿ, ಹಿಡ್ಕೊಳ್ಳಿ, ಬಿಡಿ. ಈ ಮೂರು ಬಿಟ್ಟು ಇನ್ನೊಂದು ಮಾತು ಕೆಳಗಿನಿಂದ ಬರಕೂಡದು. ಮೇಲಿನಿಂದ ಪ್ರತಿ ಸಲವೂ "ಒತ್ತಿದೆ", "ಹಿಡಿದೆ", "ಬಿಟ್ಟೆ" ಎಂದು ಉತ್ತರ ಬರಲೇಬೇಕು.

ಆಮೇಲೆ ಕೆಲಸಕ್ಕೆ ಒಂದು ಲಯ ಬಂತು. ಟ್ಯೂಬಿನಲ್ಲಿ ಮೊದಲು ಬಂದದ್ದು ಕಂದು ನೀರು, ಆಮೇಲೆ ನೊರೆ, ಆಮೇಲೆ ಒಂದರ ಹಿಂದೊಂದು ಗುಳ್ಳೆ. ಸಿಲಿಂಡರಿಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗೋಡೆಗೆ ಅಂಟಿಕೊಂಡ ಗುಳ್ಳೆಗಳೂ ಹೊರಡುತ್ತವೆ. ಸಾಸಿವೆ ಗಾತ್ರದ ಕೊನೆಯ ಗುಳ್ಳೆ ಟ್ಯೂಬಿನ ಬಾಗಿನಲ್ಲಿ ಹೋಗಲೋ ಬೇಡವೋ ಎಂದು ತುಸು ನಿಂತು, ಮುಂದಿನ ಒತ್ತಿಗೆ ಬಾಟಲಿಗೆ ಜಾರಿತು. ಆಮೇಲೆ ಬಂದದ್ದು ಬರೀ ತಿಳಿಹಳದಿ ಎಣ್ಣೆ. ನಡುನಡುವೆ ಹೆಂಡತಿ ಡಬ್ಬಿಗೆ ಎಣ್ಣೆ ಸುರಿಯುತ್ತಿದ್ದಳು. ಡಬ್ಬಿ ಒಮ್ಮೆ ಬರಿದಾದರೆ ಮಾಸ್ಟರ್ ಗಾಳಿ ಕುಡಿದು, ಮಾಡಿದ್ದೆಲ್ಲ ಮೊದಲಿಂದ. ಬಾಟಲಿಗೆ ಇಳಿದ ಎಣ್ಣೆ ಎಷ್ಟೇ ತಿಳಿಯಾಗಿ ಕಂಡರೂ ಮತ್ತೆ ಡಬ್ಬಿಗೆ ಸುರಿಯಬಾರದು.

ನಾಲ್ಕೂ ಚಕ್ರ ಮುಗಿದ ಮೇಲೆ ಪೆಡಲಿಗೆ ಬೆನ್ನುಮೂಳೆ ಬಂದಿತ್ತು. ಆದರೂ ಮೊದಲ ಒತ್ತಿಗೆ ತುಸು ಆಳಕ್ಕೆ ಹೋಗಿ, ಎರಡನೆಯದಕ್ಕೆ ಮೇಲೆ ಬರುತ್ತಿತ್ತು. ಮೇಷ್ಟ್ರು ಇನ್ನೊಂದು ಸುತ್ತು ಏರ್ ತೆಗೆಯೋಣ ಎಂದರು. ಮೇಸ್ತ್ರಿಯ ಪಾದಶಾಸ್ತ್ರದ ಪ್ರಕಾರ ಇದು ಏರ್ ಅಲ್ಲ, ಶೂ ದೂರ. ಚಕ್ರ ಕೈಯಲ್ಲಿ ತಿರುಗಿಸುತ್ತಾ, ಲೈನಿಂಗು ಡ್ರಮ್ಮಿಗೆ ಸವರಿ ಸರಸರ ಸದ್ದು ಬರುವವರೆಗೆ ಹತ್ತಿರ ತಂದು, ಚಕ್ರ ಸಲೀಸಾಗಿ ತಿರುಗುವಷ್ಟು ಹಿಂದೆ ಸರಿಸಿದ ಮೇಲೆ ಪೆಡಲು ಮೊದಲ ಒತ್ತಿಗೇ ಗಟ್ಟಿಯಾಗಿ ನಿಂತಿತು. ಇಲ್ಲದ ಗಾಳಿಯನ್ನು ಹುಡುಕುತ್ತಾ ಡಬ್ಬಿಗಟ್ಟಲೆ ಎಣ್ಣೆ ಸುರಿಯುವವರು ಬಹಳ.

ಕೊನೆಯ ಒಗಟು ರಸ್ತೆಗೆ ಇಳಿದ ಮೇಲೆ ಎದುರಾಯಿತು. ಮನೆ ಮುಂದಿನ ದಾರಿಯಲ್ಲೇ ನಾಲ್ಕಾರು ಸಲ ಬ್ರೇಕ್ ಹಾಕಿ ನೋಡಿ ವಾಪಸು ಬಂದಾಗ ಮುಂದಿನ ಎಡಚಕ್ರದಿಂದ ಸುಟ್ಟ ವಾಸನೆ. ಡ್ರಮ್ ಮುಟ್ಟಲಾಗದಷ್ಟು ಬಿಸಿ. ಒತ್ತಿದ ಬ್ರೇಕ್ ಅಲ್ಲಿ ಬಿಡುತ್ತಿಲ್ಲ. ಚಕ್ರ ಎತ್ತಿ ನೋಡಿದರೆ ತಿರುಗದು. ನಿಪ್ಪಲ್ ಸಡಿಲಿಸಿದೆ, ಎಣ್ಣೆ ಚಿಮ್ಮಿತು, ಚಕ್ರ ತಿರುಗಿತು. ಅಂದರೆ ಸ್ಪ್ರಿಂಗು, ಶೂಗಳ ತಪ್ಪಲ್ಲ, ಎಣ್ಣೆ ಒಳಗೇ ಸಿಕ್ಕಿಕೊಂಡಿದೆ. ನಿಪ್ಪಲ್ ಬಿಗಿದು ಮತ್ತೆ ಬ್ರೇಕ್ ಒತ್ತಿಸಿ, ಈ ಸಲ ರಬ್ಬರ್ ಹೋಸಿಗೆ ಮೊದಲಿನ ಪೈಪಿನ ನಟ್ಟನ್ನು ಸಡಿಲಿಸಿದೆ. ಮಾಸ್ಟರಿನಿಂದ ಎಣ್ಣೆ ವಾಪಸು ಬರುವ ಸಣ್ಣ ರಂಧ್ರ ಕಟ್ಟಿದ್ದರೆ ಇಲ್ಲಿ ಒತ್ತಡ ಇಳಿದು ಚಕ್ರ ಬಿಡಬೇಕಿತ್ತು. ಬಿಡಲಿಲ್ಲ. ಕಳ್ಳ ಸಿಕ್ಕಿದ: ನಟ್ಟಿಗೂ ಚಕ್ರಕ್ಕೂ ನಡುವೆ ಇರುವುದು ಹೋಸ್ ಒಂದೇ. ಹೊರಗಿನಿಂದ ಅದಕ್ಕೆ ಒಂದು ಬಿರುಕೂ ಇಲ್ಲ. ಬಿಚ್ಚಿ ಉದ್ದಕ್ಕೆ ಸೀಳಿದರೆ ಒಳಗೋಡೆ ಉಬ್ಬಿ, ಗುಂಡುಪಿನ್ನು ಕೂಡ ತೂರದಷ್ಟು ದಾರಿ ಉಳಿದಿತ್ತು. ಕಾಲಿನ ಒತ್ತಡಕ್ಕೆ ಎಣ್ಣೆ ನುಗ್ಗಿ ಒಳಗೆ ಹೋಗುತ್ತದೆ, ಸ್ಪ್ರಿಂಗಿನ ಸಣ್ಣ ಬಲಕ್ಕೆ ಹೊರಗೆ ಬರಲಾರದು. ಹೋಸುಗಳನ್ನೆಲ್ಲ ಹೊಸದು ಹಾಕಿ, ಮತ್ತೊಮ್ಮೆ ಏರ್ ತೆಗೆದೆವು. ಮೇಷ್ಟ್ರು ಅಷ್ಟರಲ್ಲಿ ಪಳಗಿದ್ದರು. ತಾವು ಇಷ್ಟು ವರ್ಷ ಪಾಠ ಹೇಳಿದ ನಿಯಮ ಪಾದಕ್ಕೆ ತಾಗಿದ್ದು ಈಗಲೇ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಈಗ ಆಗುಂಬೆ ಘಾಟಿಯ 14 ತಿರುವುಗಳನ್ನೂ ಪದ್ಮಿನಿ ಮರ್ಯಾದೆಯಿಂದ ಇಳಿಯುತ್ತದೆ. ಮೇಸ್ತ್ರಿಯ ಉಪದೇಶ ಒಂದೇ: "ಹತ್ತೋ ಗೇರಲ್ಲೇ ಇಳೀರಿ ಸಾರ್." ಮೇಲೇರುವಾಗ ಸೆಕೆಂಡ್ ಗೇರ್ ಬೇಕಾದ ಕಡೆ ಇಳಿಯುವಾಗಲೂ ಸೆಕೆಂಡ್ ಗೇರ್; ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ, ಬ್ರೇಕ್ ತಣ್ಣಗಿರುತ್ತದೆ. ಉದ್ದಕ್ಕೂ ಬ್ರೇಕ್ ಒತ್ತಿಯೇ ಇಳಿದರೆ ಆ ಶಾಖ ಎಣ್ಣೆಗೆ ಹೋಗುತ್ತದೆ. ಹೊಸ ಡಾಟ್ 3 ಎಣ್ಣೆ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ಎಣ್ಣೆ ಶೇ. 3.7ರಷ್ಟು ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದ ಎಣ್ಣೆ ಆವಿಯಾಗುತ್ತದೆ, ಆವಿ ಗಾಳಿಯಂತೆಯೇ ಕುಗ್ಗುತ್ತದೆ, ಮನೆಯಲ್ಲಿ ಗಟ್ಟಿಯಾಗಿದ್ದ ಪೆಡಲು ಹನ್ನೊಂದನೆಯ ತಿರುವಿನಲ್ಲಿ ನೆಲ ಮುಟ್ಟುತ್ತದೆ. ಹಳೇ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಕೊಳವೆ ಜಾಲ. ಒಂದು ಕಡೆ ಕೈಕೊಟ್ಟರೆ ನಾಲ್ಕೂ ಕಡೆ ಕೈಕೊಟ್ಟಂತೆ. ಈಗಿನ ಕಾರುಗಳಲ್ಲಿ ಜಾಲ ಎರಡಿದೆ, ಬೇರೆ ಭದ್ರತೆಗಳೂ ಇವೆ. ಎಣ್ಣೆಯ ಹುಟ್ಟುಗುಣ ಮಾತ್ರ ಅದೇ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಕಾರು ಹಳೆಯದಿರಲಿ, ಹೋದ ವರ್ಷದ್ದಿರಲಿ, ಸರ್ವಿಸಿಗೆ ಬಿಟ್ಟಾಗ ಎಂಜಿನ್ ಆಯಿಲ್ ಕೇಳುವ ಹಾಗೆಯೇ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತು ಎಂದೂ ಕೇಳಿ. ಎರಡು ವರ್ಷ ದಾಟಿದ್ದರೆ ಈ ಮಳೆಗಾಲಕ್ಕೆ ಮುಂಚೆ ಬದಲಾಯಿಸಿಬಿಡಿ. ಖರ್ಚು ಹೆಚ್ಚಿಲ್ಲ.